ಒಂಟೆಗೆ ಹಾಕಿದ ಗೇಟು

ಬೆಟ್ಟದ ರಸ್ತೆಯ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ಒಂದು ಅಕ್ಷರಕ್ಕೆ ಎತ್ವ ಕೊಡುವ ಬದಲು ಗುಡಿಸು ಕೊಟ್ಟ ತಪ್ಪಿಗೆ ತಾವು ನನ್ನ ವಸಂತವನ್ನೇ ತಿಂದು ಹಾಕಿದ್ದೀರಿ. ಇದಕ್ಕಿಂತ ಮೆತ್ತಗೆ ಹೇಳಲು ಈಗ ನನಗೆ ಬರುವುದಿಲ್ಲ. ಮೆತ್ತಗೆ ಹೇಳುವ ಕಾಲದಲ್ಲಿ ಮೆತ್ತಗೇ ಹೇಳಿದ್ದೆ. ತಮ್ಮ ಕಚೇರಿಗೆ ಚಪ್ಪಲಿ ಸವೆಯುವಷ್ಟು ಅಲೆದು, ‘ದಯವಿಟ್ಟು’ ಎಂಬ ಮಾತಿಗೆ ಅರ್ಥವೇ ಉಳಿಯದಷ್ಟು ಸಲ ಅದನ್ನು ಹೇಳಿ ನೋಡಿದ್ದೆ. ಆಗ ಕೇಳಿಸದ್ದನ್ನು ಈಗ ಈ ಬಹಿರಂಗ ಪತ್ರದಲ್ಲಿ ನಾಲ್ಕು ಜನರ ಮುಂದೆ ಹೇಳುತ್ತಿದ್ದೇನೆ.

ನಾನು ಚಾಲನಾ ಶಾಲೆಯಲ್ಲಿ ಕಲಿಸುವವಳು. ತಮ್ಮ ಗೇಟಿನ ಮುಂದೆ ಬಂದು ನಿಲ್ಲುವವರಲ್ಲಿ ಕೆಲವರಿಗಾದರೂ ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ಹೇಳಿಕೊಟ್ಟವಳು ನಾನೇ ಇದ್ದೇನು. ನಮ್ಮ ಪಾಠದ ಕೋಣೆಯ ಗೋಡೆ ತುಂಬ ರಸ್ತೆ ಫಲಕಗಳ ಚಿತ್ರಗಳಿವೆ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳುತ್ತೇನೆ: ಫಲಕ ಕಂಡರೆ ಪಾಲಿಸಿ, ಅರ್ಥವಾಗದಿದ್ದರೂ ಪಾಲಿಸಿ, ವಾದವೆಲ್ಲ ಆಮೇಲೆ. ಅದಕ್ಕೇ ತಮ್ಮ ಗೇಟಿನ ಪಕ್ಕ ಒಂದು ಬೈಕು ಸಲೀಸಾಗಿ ನುಸುಳುವಷ್ಟು ಜಾಗವಿದ್ದರೂ ನಾನು ನುಸುಳಲಿಲ್ಲ. ಬೇರೆಯವರು ನುಸುಳುವುದನ್ನು ಕಣ್ಣಾರೆ ಕಂಡೂ ನುಸುಳಲಿಲ್ಲ. ಕಲಿಸಿದ್ದನ್ನು ನಾನೇ ನಂಬಿದ್ದೆ, ಏನು ಮಾಡುವುದು.

ನನ್ನ ಕಣ್ಣು ಹೋಗುತ್ತಿದೆ, ಮಾನ್ಯರೇ. ಕನಿಕರಕ್ಕಾಗಿ ಹೇಳುತ್ತಿಲ್ಲ, ಇದು ಗೊತ್ತಿಲ್ಲದಿದ್ದರೆ ಮುಂದಿನದು ತಮಗೆ ಅರ್ಥವಾಗುವುದಿಲ್ಲ. ಅಮ್ಮನಿಗೆ ಹೋಗಿತ್ತು, ಅಕ್ಕನಿಗೆ ಹೋಗಿದೆ, ಈಗ ನನ್ನ ಸರದಿ. ಮೊದಲು ಕತ್ತಲಲ್ಲಿ ಕಾಣುವುದು ನಿಲ್ಲುತ್ತದೆ. ಆಮೇಲೆ ಎಡಬಲದ ನೋಟ ಒಳಕ್ಕೆ ಸರಿಯುತ್ತಾ ಬರುತ್ತದೆ. ಚಳಿಗಾಲದಲ್ಲಿ ಕಣ್ಣಿನ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, “ಹಗಲು ಹೊತ್ತು ಗಾಡಿ ಓಡಿಸಿ, ಇನ್ನೂ ಮಿತಿಯೊಳಗೇ ಇದೆ. ಆದ್ರೆ ಬೇಸಿಗೆ ಶುರುವಾದಾಗ ಮತ್ತೆ ಬರಬೇಕು. ಆಗ ನಾನು ಬೇಡ ಅಂದ್ರೆ ಬೇಡ. ಜಗಳ ಆಡೋ ಹಾಗಿಲ್ಲ” ಎಂದರು. ಜಗಳದ ವಿಷಯದಲ್ಲಿ ನನಗೆ ಸ್ವಲ್ಪ ಹೆಸರಿದೆ. ಆದರೂ ಅವರಿಗೆ ಮಾತು ಕೊಟ್ಟು ಬಂದೆ.

ಅಕ್ಕ ಇರುವುದು ದೇಶದ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ, ನಡುವೆ ತಮ್ಮ ಬೆಟ್ಟ. ಹುಡುಗಿಯರಾಗಿದ್ದಾಗ ನಾವಿಬ್ಬರೂ ಅಪ್ಪನ ಮೋಟಾರ್ ಸೈಕಲ್ಲಿನಲ್ಲಿ ದೇಶವನ್ನು ಅಡ್ಡಲಾಗಿ ದಾಟುವುದೆಂದು ಮಾತಾಡಿಕೊಂಡಿದ್ದೆವು. ಅವಳು ಓಡಿಸುವುದು, ನಾನು ಹಿಂದೆ ಕೂತು ದಾರಿ ಹೇಳುವುದು. ಅವಳಿಗೆ ಮದುವೆಯಾಯಿತು, ಮಕ್ಕಳಾದರು. ನನಗೆ ಮದುವೆ ಬೇಕೆನಿಸಲಿಲ್ಲ, ಕೆಲಸ ಸಿಕ್ಕಿತು. ಬರುವ ವರ್ಷ, ಬರುವ ವರ್ಷ ಎನ್ನುತ್ತಿರುವಾಗಲೇ ಅವಳ ಕಣ್ಣು ಕೈಕೊಟ್ಟಿತು. ನನಗೂ ಅದೇ ಎಂದು ತಿಳಿದ ದಿನ ಫೋನಿನಲ್ಲಿ ಅತ್ತೆವು. ಅತ್ತು ಮುಗಿದ ಮೇಲೆ ಅವಳೇ ಹೇಳಿದಳು: “ನೀನೊಬ್ಬಳೇ ಹೊರಟು ಬಾರೇ. ಜೊತೆಗೆ ಯಾರನ್ನೂ ಕರ್ಕೋಬೇಡ, ನೀನು ಹರಟೆ ಹೊಡೀತಾ ಏನೂ ನೋಡಲ್ಲ. ಎಲ್ಲಾ ಸರಿಯಾಗಿ ನೋಡ್ಕೊಂಡು ಬಂದು ನನಗೆ ಹೇಳು. ಆ ಬೆಟ್ಟದ ತುದೀಲಿ ನಿಂತ್ರೆ ಆಚೆ ಕಡೆ ಏನು ಕಾಣುತ್ತೋ, ಅದನ್ನಂತೂ ಬಿಡಬೇಡ.”

ಒಬ್ಬಳೇ ಹೋಗಬೇಕೆಂಬುದು ನನ್ನ ಹಟವೂ ಆಗಿತ್ತು. ಇನ್ನು ಕೆಲವು ದಿನ ಕಳೆದರೆ ನನ್ನ ಕೈ ಯಾವಾಗಲೂ ಯಾರದ್ದಾದರೂ ಕೈಯಲ್ಲಿರುತ್ತದೆ. ಮೆಟ್ಟಿಲಿದೆ ಹುಷಾರು, ಈ ಕಡೆ ಬನ್ನಿ, ಇಲ್ಲೇ ಕೂತಿರಿ ಎನ್ನುತ್ತಾರೆ; ಪ್ರೀತಿಯಿಂದಲೇ ಎನ್ನುತ್ತಾರೆ. ಅದಕ್ಕೆ ಮುಂಚೆ ಒಂದೇ ಒಂದು ಸಲ, ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂದು ನಾನೇ ತೀರ್ಮಾನ ಮಾಡುತ್ತಾ ದೂರ ಹೋಗಬೇಕಿತ್ತು. ಇದು ತುಂಬಾ ದೊಡ್ಡ ಆಸೆ ಎಂದು ನನಗೆ ಇಂದಿಗೂ ಅನ್ನಿಸಿಲ್ಲ.

ಅಡುಗೆಮನೆಯ ಗೋಡೆಗೆ ದೇಶದ ನಕ್ಷೆ ಅಂಟಿಸಿಕೊಂಡು ಚಳಿಗಾಲವಿಡೀ ಯೋಜನೆ ಹಾಕಿದೆ. ಚಳಿಗಾಲದಲ್ಲಿ ಬೆಟ್ಟದ ಮೇಲೆ ಹಿಮ. ಬೇಸಿಗೆಯ ಕುಕ್ಕುವ ಬಿಸಿಲು ನನ್ನ ಕಣ್ಣಿಗೆ ಆಗದು, ಮೇಲಾಗಿ ಅಷ್ಟರಲ್ಲಿ ಡಾಕ್ಟರ ಗಡುವು. ಉಳಿದದ್ದು ವಸಂತದ ಆರಂಭದ ಕೆಲವು ವಾರ. ಹಿಮ ಕರಗಿರುತ್ತದೆ, ಬಿಸಿಲು ಇನ್ನೂ ಎಳೆಯದಾಗಿರುತ್ತದೆ. ಸಂಜೆಯಾಗುವ ಮುಂಚೆಯೇ ತಂಗುವ ಹಾಗೆ ಊರುಗಳನ್ನು ಹತ್ತಿರ ಹತ್ತಿರ ಗುರುತು ಹಾಕಿಕೊಂಡೆ. ನನ್ನ ಬೈಕಿಗೆ ಹೊಸ ಟೈರು ಹಾಕಿಸಿದೆ, ಚೈನು ಬದಲಾಯಿಸಿದೆ, ಟ್ಯೂಬು, ಕ್ಲಚ್ ಕೇಬಲ್ಲು, ಪ್ಲಗ್ಗು, ಪಾನಾ, ಪಂಪು ಎಲ್ಲ ಕೂಡಿಸಿಟ್ಟೆ. ಪೆಟ್ಟಿಗೆ ಕಟ್ಟಿಸಲು ಹೋದಾಗ ಮೆಕ್ಯಾನಿಕ್ಕು, “ಮೇಡಂ, ನೀವು ಬೈಕು ತಗೊಂಡು ಹೋಗ್ತಿದೀರೋ, ನನ್ನ ಗ್ಯಾರೇಜನ್ನೇ ತಗೊಂಡು ಹೋಗ್ತಿದೀರೋ?” ಎಂದು ನಕ್ಕ. ನಾನೂ ನಕ್ಕೆ. ಅಷ್ಟು ಹಗುರವಾಗಿ ನಕ್ಕು ಎಷ್ಟೋ ವರ್ಷವಾಗಿತ್ತು.

ಹೊರಟೆ. ಮೂರನೆಯ ದಿನ ತಮ್ಮ ಗೇಟು ಸಿಕ್ಕಿತು. ರಸ್ತೆ ಒಣಗಿ ಬೆಳ್ಳಗಿತ್ತು, ಆಕಾಶ ತೊಳೆದಿಟ್ಟಂತಿತ್ತು. ಗೇಟಿನವನು ಕುರ್ಚಿಯಿಂದ ಏಳದೆಯೇ, “ಒಬ್ಬರೇನಾ? ಹಾಗಾದ್ರೆ ಆಗಲ್ಲ” ಎಂದು ಫಲಕದ ಕಡೆ ಕೈ ತೋರಿಸಿದ. ‘ಒಂಟಿ ಸವಾರರಿಗೆ ಪ್ರವೇಶವಿಲ್ಲ’ ಎಂದಿತ್ತು. ಅದರ ಕೆಳಗೆ ಮಾಸಿದ ಒಂದು ಚಿತ್ರ, ಚಿತ್ರದ ಮೇಲೊಂದು ಕೆಂಪು ಗೆರೆ. ಫಲಕ ಓದುವುದೇ ನನ್ನ ಹೊಟ್ಟೆಪಾಡು, ಹತ್ತಿರ ಹೋಗಿ ನೋಡಿದೆ.

“ಇದೇನಪ್ಪಾ ಚಿತ್ರ?”

“ಗುಡ್ಡ ಅಲ್ವಾ ಮೇಡಂ. ಎರಡು ಗುಡ್ಡ. ಒಬ್ಬರೇ ಗುಡ್ಡ ಹತ್ತಬಾರದು ಅಂತ.”

“ಗುಡ್ಡಕ್ಕೆ ನಾಲ್ಕು ಕಾಲು ಯಾಕಿದೆ?”

ಅವನು ಎದ್ದು ಬಂದು ಬಗ್ಗಿ ನೋಡಿದ. “ಹೌದಲ್ಲಾ. ಬಾಲನೂ ಇದೆ” ಎಂದ.

ಮುಂಚೆ ಇಲ್ಲಿ ಏನಾದರೂ ಇತ್ತಾ ಎಂದು ಕೇಳಿದೆ. ಪಾಪ, ಅವನಿಗೆ ಒಂದಕ್ಕೊಂದು ಗಂಟು ಹಾಕುವ ಅಭ್ಯಾಸವಿಲ್ಲ. ತಣ್ಣಗೆ ಹೇಳಿದ: “ಹಿಂದೆ ಮೇಲ್ಗಡೆ ಒಂಟೆ ಸವಾರಿ ನಡೀತಿತ್ತಂತೆ, ನೋಡೋಕೆ ಬಂದೋರಿಗೆ. ಯಾವುದೋ ಬಸ್ಸು ಹಾರ್ನ್ ಹೊಡೀತು, ಒಂಟೆ ಬೆದರಿ ಓಡ್ತು, ದೊಡ್ಡ ಗಲಾಟೆ ಆಯ್ತಂತೆ. ಆಮೇಲೇ ಈ ಬೋರ್ಡ್ ಹಾಕಿದ್ದು.”

ನಾನು ಅಲ್ಲೇ ರಸ್ತೆಯ ಮೇಲೆ ನಿಂತು ಹುಚ್ಚಿಯ ಹಾಗೆ ನಕ್ಕೆ. ಒಂಟೆ! ಒಂಟೆ ಸವಾರರಿಗೆ ಪ್ರವೇಶವಿಲ್ಲ ಎಂದು ಬರೆಯಬೇಕಾದಲ್ಲಿ ಬರೆದವರ ಕುಂಚ ಜಾರಿದೆ. ಒಂಟೆ ಎಂದೋ ಹೋಯಿತು, ಒಂಟೆಯವನೂ ಹೋದ. ಅಂದಿನಿಂದ ಒಬ್ಬೊಬ್ಬರೇ ಬಂದ ಬೈಕಿನವರನ್ನೆಲ್ಲ ತಮ್ಮ ಇಲಾಖೆ ಬಹಳ ನಿಷ್ಠೆಯಿಂದ ಹಿಂದಕ್ಕೆ ಕಳಿಸುತ್ತಿದೆ. ನಗುವಾಗ ನನಗೊಂದು ಧೈರ್ಯವಿತ್ತು: ಇಷ್ಟು ಸ್ಪಷ್ಟವಾದ ತಪ್ಪು, ತೋರಿಸಿದರೆ ಸಾಕು. ನನ್ನ ವಯಸ್ಸಿಗೆ ಅಷ್ಟು ಮುಗ್ಧತೆ ಇರಬಾರದಿತ್ತು.

ಅದೇ ದಿನ ಬೆಟ್ಟದ ಬುಡದ ತಮ್ಮ ಕಚೇರಿಗೆ ಬಂದೆ. ತಾವು ಊಟಕ್ಕೆ ಹೋಗಿದ್ದಿರಿ. ಮಾರನೆಯ ದಿನ ಸಭೆಯಲ್ಲಿದ್ದಿರಿ. ಆಮೇಲೆ ರಜೆಯಲ್ಲಿದ್ದಿರಿ. ಅಂತೂ ಒಂದು ದಿನ ಸಿಕ್ಕಿದಿರಿ. ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ತಮ್ಮ ಮೇಜಿನ ಮುಂದೆ ಕೂತು ಎಲ್ಲವನ್ನೂ ವಿವರಿಸಿದೆ. ತಾವು ಕೇಳಿಸಿಕೊಂಡಿರಿ, ಅದನ್ನು ಒಪ್ಪಿಕೊಳ್ಳಲೇಬೇಕು. ಅಂದು ನಡೆದ ಮಾತುಕತೆ ತಮಗೆ ಮರೆತಿರಬಹುದು, ನನಗೆ ಬಾಯಿಪಾಠವಾಗಿದೆ.

“ಒಂಟೆ ಅಂತಾನೇ ಇದ್ದಿರಬಹುದು. ಇಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ಜಾರಿಯಲ್ಲಿರೋದು ಒಂಟಿ.”

“ತಪ್ಪು ಅಂತ ಗೊತ್ತಾಯ್ತಲ್ಲ ಸಾರ್, ತಿದ್ದಿ.”

“ತಿದ್ದಿದ್ರೆ ಇಷ್ಟು ವರ್ಷ ವಾಪಸ್ ಕಳಿಸಿದ್ವಲ್ಲ, ಅವರಿಗೆಲ್ಲ ಏನಂತ ಹೇಳೋದು?”

“ಕ್ಷಮಿಸಿ ಅನ್ನಿ.”

“ಹಾಗೆ ಹೇಳೋ ಪದ್ಧತಿ ನಮ್ಮಲ್ಲಿಲ್ಲ ಮೇಡಂ. ನೀವ್ಯಾಕೆ ಹಟ ಮಾಡ್ತೀರಿ? ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬನ್ನಿ. ಮನೇಲಿ ಯಾರೂ ಇಲ್ವಾ?”

ನನಗೆ ರೇಗಿ ಹೋಯಿತು. “ಇಬ್ಬರು ಕೂಡಿ ಒಂದು ಒಂಟೆ ಮೇಲೆ ಬಂದ್ರೆ ಬಿಡ್ತೀರಾ?” ಎಂದು ಕೇಳಿದೆ. ತಾವು ಪೆನ್ನು ಕೆಳಗಿಟ್ಟು, ನಿಜವಾಗಿಯೂ ಯೋಚಿಸಿ, “ನಿಯಮದಲ್ಲಿ ಅಡ್ಡಿ ಇಲ್ಲ” ಎಂದಿರಿ. ಮುಖದಲ್ಲಿ ಒಂದು ಎಳೆ ನಗುವಿರಲಿಲ್ಲ. ನಾನು ಆಸೆ ಬಿಟ್ಟದ್ದು ಆಗಲೇ. ಲಂಚ ಕೇಳುವವರೊಡನೆ ಜಗಳವಾಡಬಹುದು, ಸಿಡುಕುವವರನ್ನು ಸಹಿಸಿಕೊಳ್ಳಬಹುದು, ಆದರೆ ಇಷ್ಟು ಪ್ರಾಮಾಣಿಕವಾಗಿ ಒಂಟೆಗೆ ದಾರಿ ಬಿಡುವವರ ಮುಂದೆ ಏನು ಹೇಳುವುದು?

ಇಷ್ಟು ಅಲೆದಾಟದಲ್ಲಿ ತಮ್ಮ ಇಲಾಖೆಯ ಒಬ್ಬರೂ ನನ್ನ ಕಣ್ಣಿನ ಬಗ್ಗೆ ಕೇಳಲಿಲ್ಲ. ಕೇಳಿದ್ದರೆ ಡಾಕ್ಟರು ಬರೆದುಕೊಟ್ಟದ್ದನ್ನು ತೋರಿಸುತ್ತಿದ್ದೆ. ಅದು ಸಾಲದು, ಈ ರಸ್ತೆಗೆ ಇದಕ್ಕಿಂತ ಒಳ್ಳೆಯ ಕಣ್ಣು ಬೇಕು ಎಂದಿದ್ದರೆ ತಲೆ ತಗ್ಗಿಸಿ ಹಿಂದಿರುಗುತ್ತಿದ್ದೆ. ನಾನೂ ಎಷ್ಟೋ ಜನರಿಗೆ ಗಾಡಿ ಬೇಡವೆಂದು ಹೇಳಿದವಳು, ಅದರ ನ್ಯಾಯ ನನಗೆ ಗೊತ್ತು. ಅದು ಬಿಟ್ಟು, ಎಂದೋ ಬೆದರಿ ಓಡಿದ ಒಂದು ಪ್ರಾಣಿಯ ಶಿಕ್ಷೆಯನ್ನು ನನ್ನ ತಲೆಗೆ ಕಟ್ಟಿದಿರಿ. ಬೇರೆ ದಾರಿ ಹಿಡಿಯಬಹುದಿತ್ತಲ್ಲ ಎನ್ನುತ್ತೀರೇನೋ. ಬೇರೆ ದಾರಿಯೆಂದರೆ ಸುರಂಗ. ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ ಎಂದು ಅದರ ಬಾಯಲ್ಲಿ ಬರೆದಿದೆ. ಅಲ್ಲಿ ಕಾಗುಣಿತ ಸರಿಯಾಗಿದೆ, ನೋಡಿ ಬಂದೆ.

ಲಿಖಿತವಾಗಿ ಕೊಡಿ ಎಂದಿರಿ, ಕೊಟ್ಟೆ. ಬುಡದ ಊರಿನ ಒಂದು ಬಾಡಿಗೆ ಕೋಣೆಯಲ್ಲಿ, ಕಟ್ಟಿದ ಗಂಟು ಬಿಚ್ಚದೆ, ಕಾದೆ. ಬೆಳಿಗ್ಗೆ ಎದ್ದು ಕಿಟಕಿಯ ಹೊರಗೆ ಬೈಕನ್ನು ನೋಡುವುದು, ಆಮೇಲೆ ಬೆಟ್ಟವನ್ನು ನೋಡುವುದು. ಬಿಸಿಲು ದಿನದಿಂದ ದಿನಕ್ಕೆ ಬಲಿಯುತ್ತಾ ಹೋಯಿತು, ಕಪ್ಪು ಕನ್ನಡಕ ಹಾಕಿದರೂ ಕಣ್ಣಲ್ಲಿ ನೀರು. ಅಕ್ಕ ದಿನಾ ಫೋನು ಮಾಡಿ “ಎಲ್ಲಿದೀಯೇ?” ಎನ್ನುತ್ತಿದ್ದಳು. “ಇಲ್ಲೇ, ಬೆಟ್ಟದ ಕೆಳಗೆ” ಎನ್ನುತ್ತಿದ್ದೆ. ಒಂದು ದಿನ ಅವಳು ಕೇಳುವುದನ್ನೇ ನಿಲ್ಲಿಸಿ, ಊಟ ಆಯಿತಾ ಎಂದಷ್ಟೇ ಕೇಳಿ ಫೋನು ಇಟ್ಟಳು.

ಕಡೆಗೆ ತಮ್ಮ ಉತ್ತರ ಬಂತು: ಮನವಿಯನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗಿದೆ. ಎದ್ದೆನೋ ಬಿದ್ದೆನೋ ಎಂದು ಗೇಟಿಗೆ ಹೋದೆ. ಹೊಸ ಫಲಕ, ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ‘ಒಂಟಿ ಹಾಗೂ ಒಂಟೆ ಸವಾರರಿಗೆ ಪ್ರವೇಶವಿಲ್ಲ.’ ಚಿತ್ರವನ್ನೂ ಹೊಸದಾಗಿ ಬರೆಸಿದ್ದೀರಿ, ಈ ಸಲ ಯಾರೂ ಗುಡ್ಡವೆನ್ನುವಂತಿಲ್ಲ. ಗೇಟಿನವನು ನನ್ನ ಮುಖ ನೋಡಲಾರದೆ ಒಳಗೆ ಹೋದ. ನನಗೆ ಅಳು ಬರಲಿಲ್ಲ, ನಗುವೂ ಬರಲಿಲ್ಲ. ಬೈಕು ತಿರುಗಿಸಿಕೊಂಡು ಮನೆಗೆ ಬಂದೆ.

ಬೇಸಿಗೆ ಶುರುವಾದ ಮೇಲೆ ಡಾಕ್ಟರ ಬಳಿ ಹೋದೆ. ಅವರು ಬಹಳ ಹೊತ್ತು ನೋಡಿ, “ಸಾಕು ಮೇಡಂ, ಇನ್ನು ಬೇಡ” ಎಂದರು. ಮಾತು ಕೊಟ್ಟಿದ್ದೆ, ಜಗಳವಾಡಲಿಲ್ಲ. ಬರುವ ವಾರ ಬಸ್ಸಿನಲ್ಲಿ ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಬಸ್ಸು ಸುರಂಗದಲ್ಲಿ ಹೋಗುತ್ತದೆ. ಏನೇನು ನೋಡಿದೆ ಹೇಳು ಎಂದು ಅವಳು ನನ್ನ ಕೈ ಹಿಡಿದು ಕೂತರೆ ಏನು ಹೇಳಲಿ, ಮಾನ್ಯರೇ? ಗೇಟಿನ ಬಗ್ಗೆ ಹೇಳಲೇ, ತಮ್ಮ ಕಚೇರಿಯ ಬೆಂಚಿನ ಬಗ್ಗೆ ಹೇಳಲೇ? ಸುಳ್ಳು ಕಟ್ಟಿ ಹೇಳಬಹುದು. ಆದರೆ ಅವಳು ನನ್ನ ಅಕ್ಕ, ದನಿಯಲ್ಲೇ ಹಿಡಿಯುತ್ತಾಳೆ.

ಆ ಫಲಕದಿಂದ ‘ಒಂಟಿ’ಯನ್ನು ತೆಗೆಯಿರಿ. ಇದರಿಂದ ಇನ್ನು ನನಗೆ ಉಪಯೋಗವಿಲ್ಲ, ನನ್ನ ಹಿಂದೆ ಬರುವವರಿಗಿರಲಿ. ತಾವು ತೆಗೆಯುವುದಿಲ್ಲವೆಂದು ಗೊತ್ತು, ಕೇಳದೆ ಬಿಡಬಾರದೆಂದು ಕೇಳುತ್ತಿದ್ದೇನೆ. ನನ್ನ ಪಾಲಿಗೆ ನಾನು ಕೇಳುವುದು ಬೇರೆ. ತಾವು ಒಂದು ದಿನ ಆ ಗೇಟು ತೆಗೆಸಿ ಮೇಲಕ್ಕೆ ಹೋಗಿ. ಕಾರು ನಿಲ್ಲಿಸಿ, ಇಳಿದು, ಬೆಟ್ಟದ ತುದಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ಆಚೆ ಕಡೆ ಏನು ಕಾಣುತ್ತದೆ ಎಂಬುದನ್ನು, ಕಚೇರಿಯ ಭಾಷೆಯಲ್ಲಲ್ಲ, ಮನೆಯವರಿಗೆ ಹೇಳುವ ಹಾಗೆ ಬರೆದು ನನಗೆ ಕಳಿಸಿ. ಅಕ್ಕನಿಗೆ ಯಾರಿಂದಲಾದರೂ ಓದಿಸುತ್ತೇನೆ. ಬೇಗ ಕಳಿಸಿದರೆ ನಾನೇ ಓದಿ ಹೇಳಬಲ್ಲೆ.

ಇಂತಿ,
ಇನ್ನು ಎಲ್ಲಿಗೂ ಒಬ್ಬಳೇ ಹೋಗಲಾಗದವಳು