ಚಾವಿ ಸಾಹೇಬರ ಜೇಬಿನಲ್ಲಿ, ಹಾಲ್ ಟಿಕೆಟ್ ಡಿಕ್ಕಿಯಲ್ಲಿ

ಜಿಲ್ಲೆಯ ರಸ್ತೆಗಳಲ್ಲಿ ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ಅಪ್ಪಣೆ ಕೊಡಿಸುವ ಹಿರಿಯ ಪೊಲೀಸ್ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಇಲಾಖೆಯ ಪರೀಕ್ಷೆಯನ್ನು ನಿಮ್ಮ ಇಲಾಖೆಯವರೇ ನನಗೆ ತಪ್ಪಿಸಿದ್ದಾರೆ. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ಲಿಖಿತ ಪರೀಕ್ಷೆ ಅದು. ಮತ್ತೆ ಅರ್ಜಿ ಕರೆಯುವ ಹೊತ್ತಿಗೆ ನನ್ನ ವಯಸ್ಸು ಮೀರಿರುತ್ತದೆ. ಸಿಟ್ಟಿಗಿಂತ ನನಗೆ ಹೇಸಿಗೆಯೇ ಹೆಚ್ಚಾಗಿದೆ. ಅದನ್ನು ಲಕೋಟೆಯಲ್ಲಿ ಮುಚ್ಚಿ ಕಳಿಸಲು ಮನಸ್ಸಾಗದೆ ಹತ್ತು ಜನರ ಮುಂದೆ ಬಿಚ್ಚಿಡುತ್ತಿದ್ದೇನೆ.

ಅಂದು ಬೆಳಿಗ್ಗೆ ನಮ್ಮಪ್ಪ ತಾಯಣ್ಣ ನನ್ನನ್ನು ಸ್ಕೂಟಿಯಲ್ಲಿ ಕೂರಿಸಿಕೊಂಡು ಕಲ್ಲೂರಿನಿಂದ ರಾಯಚೂರಿಗೆ ಹೊರಟಿದ್ದರು. ಇಬ್ಬರ ತಲೆಯ ಮೇಲೂ ಹೆಲ್ಮೆಟ್ ಇತ್ತು. ಗಾಡಿಯ ಕಾಗದಪತ್ರ, ನನ್ನ ಹಾಲ್ ಟಿಕೆಟ್ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿ ಸೀಟಿನ ಕೆಳಗಿನ ಡಿಕ್ಕಿಯಲ್ಲಿ ಇಟ್ಟಿದ್ದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎದುರಿನಿಂದ ಬರುವ ಬೈಕಿನವರು ಲೈಟು ಮಿಣುಕಿಸತೊಡಗಿದರು. ಮುಂದೆ ಪೊಲೀಸರಿದ್ದಾರೆ ಎಂದು ಅದರ ಅರ್ಥ. ಮಾನ್ವಿಯ ರಸ್ತೆಯಲ್ಲೂ ಅಷ್ಟೇ, ದೇವದುರ್ಗದ ರಸ್ತೆಯಲ್ಲೂ ಅಷ್ಟೇ. ದಾರಿಗೆ ಎಮ್ಮೆಯ ಹಿಂಡು ಅಡ್ಡ ನಿಂತರೂ ನಮ್ಮ ಜನ ಹೀಗೆ ಎಚ್ಚರಿಸುವುದಿಲ್ಲ. ಈ ಮರ್ಯಾದೆ ನಿಮಗೆ ಮಾತ್ರ ಮೀಸಲು.

ನಮ್ಮಪ್ಪ ಮೂವತ್ತು ವರ್ಷ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡಿದವರು. ಮಾಲೀಕರ ಜೀಪು ಬಂದರೆ ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಬಗಲಲ್ಲಿ ಇಟ್ಟುಕೊಳ್ಳಬೇಕಿತ್ತು. ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಮರೆತವನಿಗೆ ಮರುದಿನ ಕೆಲಸ ಇರುತ್ತಿರಲಿಲ್ಲ. ಅಂದೂ ದೂರದಿಂದ ಖಾಕಿ ಕಂಡದ್ದೇ ತಡ, ಎರಡೂ ಕಾಲು ನೆಲಕ್ಕೆ ಊರಿ ಗಾಡಿ ತಳ್ಳುತ್ತಲೇ ಹೆಲ್ಮೆಟ್ ಕಳಚಿ ಬಗಲಲ್ಲಿ ಇಟ್ಟುಕೊಂಡು ತಲೆ ಬಾಗಿಸಿದರು. ನಿಮ್ಮ ಪೇದೆ ತಡಮಾಡದೆ ಮೊಬೈಲಿನಲ್ಲಿ ಫೋಟೊ ಹೊಡೆದರು. ಮರ್ಯಾದೆ ಕೊಟ್ಟದ್ದಕ್ಕೆ ಸಾಕ್ಷಿ ಸಮೇತ ಕೇಸು!

ಜೀಪಿನ ಪಕ್ಕ ನಿಂತಿದ್ದ ಸಾಹೇಬರು ಬಂದವರೇ ಚಾವಿ ಕಿತ್ತು ಜೇಬಿಗೆ ಹಾಕಿಕೊಂಡರು.

"ಲೇ ಮುದುಕಾ, ತಲಿಗೆ ಹಾಕ್ಕೊಳ್ಳೋದನ್ನ ಬಗಲಾಗ ಇಟ್ಕೊಂಡು ಹೊಂಟೀಯೇನು?"

"ತಪ್ಪಾತ್ರೀ ಸಾಹೇಬ್ರ" ಎಂದರು ನಮ್ಮಪ್ಪ. ಏನು ತಪ್ಪೆಂದು ಅವರಿಗೆ ಗೊತ್ತಿರಲಿಲ್ಲ. ಕೇಳುವ ರೂಢಿಯೂ ಇಲ್ಲ.

"ಕಾಗದ ತೆಗಿ."

"ಡಿಕ್ಕಿದಾಗ ಅದಾವ್ರೀ ಸರ್, ಚಾವಿ ಕೊಡ್ರಿ, ತೋರಿಸ್ತೀವಿ" ಎಂದೆ ನಾನು.

"ಮೊದಲ ಕಾಗದ. ಆಮ್ಯಾಲ ಚಾವಿ."

"ಸರ್, ನಂದು ಪೊಲೀಸ್ ಪರೀಕ್ಷಿ ಅದ ರೀ. ಹತ್ತಕ್ಕ ಗೇಟ್ ಹಾಕ್ತಾರ. ಹಾಲ್ ಟಿಕೆಟ್ನೂ ಅದರಾಗ ಅದ."

ಸಾಹೇಬರು ನಕ್ಕರು. "ಪೊಲೀಸ್ ಆಗಾಕಿ ಏನು? ಹಂಗಾದ್ರ ಈಗಿಂದನ ಬಿಸಲಾಗ ನಿಂದ್ರೋದು ಕಲಿ."

ಚಾವಿಯ ಸಮೇತ ಎದುರಿನ ಚಹಾ ಅಂಗಡಿಗೆ ಹೋಗಿ ಕೂತರು. ನಲವತ್ತು ನಿಮಿಷ ಕೂತಿದ್ದರು. ಆ ಹೊತ್ತಿನಲ್ಲಿ ಎರಡು ಬಸ್ಸು ರಾಯಚೂರಿನ ಕಡೆಗೆ ಹೋದವು. ಹಾಲ್ ಟಿಕೆಟ್ ಬಿಟ್ಟು ನಾನು ಹೇಗೆ ಹತ್ತಲಿ? ಕಪ್ಪು ಗಾಜಿನ ಕಾರೊಂದು ಬಂತು. ಅದನ್ನು ನಿಲ್ಲಿಸುವ ಬದಲು ಪೇದೆ ಸೆಲ್ಯೂಟ್ ಹೊಡೆದರು. ಕೊನೆಗೆ ಸಾಹೇಬರು ದಂಡದ ಚೀಟಿ ಹರಿದು ಕೊಟ್ಟು, ಚಾವಿಯನ್ನು ಸೀಟಿನ ಮೇಲೆ ಎಸೆದರು. ಕಾಗದ ನೋಡಲೇ ಇಲ್ಲ. ನಾವು ಪರೀಕ್ಷಾ ಕೇಂದ್ರ ಮುಟ್ಟಿದಾಗ ಗೇಟು ಮುಚ್ಚಿ ಹನ್ನೆರಡು ನಿಮಿಷವಾಗಿತ್ತು. ಅಷ್ಟೂ ಹೊತ್ತು ನಾನು "ಸರ್, ಸರ್" ಎಂದು ಅಂಗಲಾಚಿದೆನಲ್ಲ, ಅದನ್ನು ನೆನೆದರೆ ನನ್ನ ಮೇಲೂ ನನಗೆ ಹೇಸಿಗೆಯಾಗುತ್ತದೆ.

ಹೆಲ್ಮೆಟ್ ಕಾನೂನು ಸರಿಯಾಗಿಯೇ ಇದೆ, ಸ್ವಾಮಿ. ಪರೀಕ್ಷೆಗಾಗಿ ಅದನ್ನೆಲ್ಲ ಓದಿದ್ದೇನೆ. ಆದರೆ ಮೊದಲು ಚಾವಿ ಕಿತ್ತುಕೊಳ್ಳಬೇಕೆಂದು ಯಾವ ಕಲಮಿನಲ್ಲಿದೆ? ಅರವತ್ತರ ಮುದುಕನನ್ನು "ಲೇ" ಎಂದು ಕರೆಯಲು ಯಾವ ತರಬೇತಿ ಶಾಲೆಯಲ್ಲಿ ಕಲಿಸುತ್ತೀರಿ? ರಸ್ತೆ ಸುರಕ್ಷತಾ ಸಪ್ತಾಹ ಬಂದರೆ ವೇದಿಕೆ ಹತ್ತಿ, ಜನ ಪೊಲೀಸರನ್ನು ಸ್ನೇಹಿತರಂತೆ ಕಾಣಬೇಕು ಎನ್ನುತ್ತೀರಿ. ಕಾಣೋಣ. ಸ್ನೇಹಿತರು ಜೇಬಿಗೆ ಹಾಕಿಕೊಂಡ ಚಾವಿ ಕೊಟ್ಟರೆ ತಾನೇ?

ವಾಪಸ್ ಬರುವಾಗ ನಾನು ಅಳುತ್ತಿದ್ದೆ. ನಮ್ಮಪ್ಪ ಸಮಾಧಾನ ಹೇಳಿದರು: "ಹೋಗ್ಲಿ ಬಿಡವ್ವಾ. ನಿನಗ ಖಾಕಿ ಬಂದಿದ್ರ, ನಿನ್ನ ಮುಂದನೂ ನಾ ತಲಿ ಮ್ಯಾಲಿಂದು ತೆಗೀಬೇಕಾಗ್ತಿತ್ತು." ತಮಾಷೆಗೆ ಹೇಳಿದ್ದಲ್ಲ ಅದು.

ಪರೀಕ್ಷೆ ವಾಪಸ್ ಕೊಡಿ ಎಂದು ಕೇಳುವುದಿಲ್ಲ, ಅದು ಕಳೆದುಹೋಯಿತು. ಗಾಡಿಯ ಚಾವಿಗೆ ಯಾರೂ ಕೈ ಹಾಕಬಾರದೆಂದು ಲಿಖಿತ ಆದೇಶ ಹೊರಡಿಸಿ. ಆಮೇಲೆ ಆ ಸಾಹೇಬರನ್ನು ಕಲ್ಲೂರಿಗೆ ಕಳಿಸಿ. ನಮ್ಮ ಮನೆಯಲ್ಲಿ ಕೂತು, "ಯಪ್ಪಾ, ನಮ್ಮನ್ನ ನೋಡಿ ಹೆಲ್ಮೆಟ್ ತೆಗೀಬ್ಯಾಡ್ರಿ" ಎಂದು ಅವರ ಬಾಯಿಂದಲೇ ಹೇಳಲಿ. ನಾನು ಹೇಳಿದರೆ ನಮ್ಮಪ್ಪ ನಂಬುತ್ತಿಲ್ಲ. ಮೊನ್ನೆ ಮಾನ್ವಿಗೆ ಹೋಗುವಾಗ ಖಾಕಿ ಕಂಡು ಮತ್ತೆ ಕೈ ತಲೆಗೆ ಹೋಯಿತು. ಹಿಂದೆ ಲಾರಿ ಬರುತ್ತಿತ್ತು.

ಇಂತಿ,
ನಿಮ್ಮ ಇಲಾಖೆಗೆ ಸೇರಲು ಹೊರಟು ನಿಮ್ಮ ಇಲಾಖೆಯನ್ನೇ ದಾಟಲಾಗದ
ನಾಗವೇಣಿ ತಾಯಣ್ಣ
ಕಲ್ಲೂರು, ಮಾನ್ವಿ ತಾಲ್ಲೂಕು