ನಿದ್ದೆಯವಳು ಕೊಟ್ಟ ಮಾತು

ರೀ,

ಇವತ್ತು ಶನಿವಾರ. ಭಾನುವಾರ ಬಂದು ಬಾಗಿಲು ತೆಗೆಯುತ್ತೇನೆ ಎಂದು ನಾನು ನಿಮಗೆ ಮಾತು ಕೊಟ್ಟಿದ್ದೇನೆ. ಕೊಟ್ಟಿದ್ದು ಎಚ್ಚರದಲ್ಲಲ್ಲ, ನಿದ್ದೆಯಲ್ಲಿ. ಆದರೂ ದನಿ ನನ್ನದೇ, ಇಲ್ಲ ಅನ್ನಲಾರೆ. ಅದಕ್ಕೇ ಈ ಕಾಗದ. ನಾನು ಬರುವುದಿಲ್ಲ. ಬಂದರೆ ಜೀವಂತ ವಾಪಸಾಗುವುದಿಲ್ಲ. ಲಿಫ್ಟು ರಿಪೇರಿ ಮಾಡುತ್ತಾ ತಲೆ ಹಣ್ಣು ಮಾಡಿಕೊಂಡ ನಿಮಗೆ ಅದನ್ನು ನಾನು ಬಿಡಿಸಿ ಹೇಳಬೇಕೇ?

ಮೊದಲಿನಿಂದ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡಿ.

ನೀವು ಹೋದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಹೇಗೆ ಹತ್ತೀತು? ಊಟ ಮಾಡಿ, ‘ಒಂದರ್ಧ ಗಂಟೆ ಕಣ್ಮುಚ್ತೀನಿ, ಫೋನ್ ಬಂದ್ರೆ ಎಬ್ಸು’ ಎಂದು ಮಧ್ಯಾಹ್ನ ಮಲಗಿದವರು ನೀವು. ಪಕ್ಕದಲ್ಲಿ ನಾನೂ ಒರಗಿದೆ. ನಾನು ಎದ್ದೆ, ನೀವು ಏಳಲಿಲ್ಲ. ಡಾಕ್ಟರು ಬಂದು ನೋಡಿ, ‘ನಿದ್ದೇಲೇ ಹೋಗಿದ್ದಾರಮ್ಮ, ಅವರಿಗೆ ಏನೂ ಗೊತ್ತಾಗಿರಲ್ಲ. ಪುಣ್ಯವಂತರು’ ಎಂದರು. ಬಂದವರೆಲ್ಲ ಅದನ್ನೇ ಹೇಳಿ ನನ್ನ ಬೆನ್ನು ಸವರಿ ಹೋದರು. ಪುಣ್ಯ ನಿಮ್ಮದಾಯಿತು. ದಿಂಬು ಕಂಡರೆ ಹೆದರುವ ಪಾಡು ನನ್ನದಾಯಿತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರಲ್ಲ, ನನಗೆ ಮೆತ್ತನೆ ಹಾಸಿಗೆಯಲ್ಲೂ ಇರಲಿಲ್ಲ.

ನಿದ್ದೆಗೆಟ್ಟವಳು ಬಟ್ಟೆ ಕತ್ತರಿಸಿದರೆ ಏನಾಗುತ್ತದೆ ಗೊತ್ತೇ? ನಮ್ಮ ಬಟ್ಟೆ ಕಾರ್ಖಾನೆಯಲ್ಲಿ ಒಂದು ದೊಡ್ಡ ಆರ್ಡರಿನ ಅಂಗಿಗಳಿಗೆ ತೋಳು ಕತ್ತರಿಸಬೇಕಿತ್ತು. ಬಟ್ಟೆಯ ಪದರಗಳನ್ನು ಎದುರುಬದುರು ಹಾಸಿದರೆ ಎಡತೋಳು ಬಲತೋಳು ಎರಡೂ ಬರುತ್ತವೆ. ನಾನು ಎಲ್ಲವನ್ನೂ ಒಂದೇ ಮಗ್ಗುಲಿಗೆ ಹಾಸಿ ಮೆಶಿನ್ ಓಡಿಸಿಬಿಟ್ಟೆ. ರಾಶಿಗೆ ರಾಶಿ ಎಡತೋಳು! ಸೂಪರ್‌ವೈಸರು ಒಂದು ತೋಳನ್ನು ಎತ್ತಿ ಹಿಡಿದು, ‘ಕಟಿಂಗ್ ಮಾಸ್ಟ್ರೇ, ಎರಡೂ ಎಡಗೈ ಇರೋರನ್ನ ನಾನೆಲ್ಲಿಂದ ಹುಡ್ಕೊಂಡು ಬರ್ಲಿ?’ ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅದಾದ ವಾರಕ್ಕೇ ಮೆಶಿನ್ನಿನ ಮುಂದೆ ತೂಕಡಿಸಿದೆ. ಅಲಗು ಬಂದು ನನ್ನ ಉಕ್ಕಿನ ಕೈಗವಸಿಗೆ ತಾಗಿ ಕಿರ್ರೆಂದಿತು. ಆಗ ಯಾರೂ ನಗಲಿಲ್ಲ. ‘ನಿದ್ದೆ ಮಾಡಿ ಬನ್ನಿ, ಇಲ್ಲಾಂದ್ರೆ ಬರ್ಲೇಬೇಡಿ’ ಎಂದು ಮನೆಗೆ ಕಳಿಸಿದರು.

ಸುದ್ದಿ ಕೇಳಿ ಮಗಳು ಓಡಿ ಬಂದಳು. ಬಂದವಳೇ ನನ್ನ ಫೋನು ಕಸಿದುಕೊಂಡಳು. ‘ರಾತ್ರಿಯೆಲ್ಲ ಇದನ್ನ ಉಜ್ತಾ ಕೂತ್ರೆ ನಿದ್ದೆ ಎಲ್ಲಿಂದ ಬರುತ್ತಮ್ಮ? ತಾಳು, ನೈಟ್ ಮೋಡ್ ಹಾಕ್ತೀನಿ’ ಅಂದಳು. ಮಲಗುವ ಹೊತ್ತಾದರೆ ಫೋನು ತನ್ನಷ್ಟಕ್ಕೆ ತಾನೇ ಮಂಕಾಗುತ್ತದಂತೆ, ಬಣ್ಣಗಳೆಲ್ಲ ಹೋಗಿ ಕಪ್ಪುಬಿಳುಪು ಆಗುತ್ತದಂತೆ, ಯಾರು ಕರೆದರೂ ರಿಂಗಾಗುವುದಿಲ್ಲವಂತೆ. ಮಗಳು ಕರೆದರೆ ಮಾತ್ರ ಆಗುತ್ತದೆ. ಆ ಒಂದು ವಿನಾಯಿತಿಯನ್ನು ಅವಳೇ ಇಟ್ಟುಕೊಂಡಳು. ಜೊತೆಗೆ ನಿದ್ದೆಯಲ್ಲಿ ಗೊರಕೆ, ಕೆಮ್ಮು, ಮಾತು ಏನೇ ಸದ್ದಾದರೂ ಅದು ಹಿಡಿದಿಟ್ಟುಕೊಳ್ಳುತ್ತದೆ, ಬೆಳಗ್ಗೆ ಕೇಳಿಸಿಕೊಳ್ಳಬಹುದು.

ನಾನು ಫೋನನ್ನು ವಾಪಸು ಕಸಿಯಲು ಹೋದೆ ರೀ. ನಮ್ಮ ಮನೆಯಲ್ಲಿ ರಾತ್ರಿ ಫೋನಿನ ಬಾಯಿ ಮುಚ್ಚಿಸಿದ್ದುಂಟೇ? ನನ್ನ ಬಾಣಂತನದಲ್ಲೂ ನೀವು ಮುಚ್ಚಿಸಲಿಲ್ಲ. ಮಗು ಬೆಚ್ಚಿಬಿದ್ದು ಅಳುತ್ತಿದ್ದರೆ, ‘ಅಲ್ಲೊಬ್ಬ ಎರಡು ಮಹಡಿ ಮಧ್ಯ ಕತ್ತಲಲ್ಲಿ ನಿಂತಿದ್ದಾನೆ ಕಣೇ, ಅವನಿಗೆ ನಾವು ಬಿಟ್ರೆ ಯಾರಿದ್ದಾರೆ?’ ಎನ್ನುತ್ತಾ ಪ್ಯಾಂಟು ಏರಿಸಿಕೊಂಡು ಹೊರಡುತ್ತಿದ್ದಿರಿ. ಅದನ್ನೇ ಮಗಳಿಗೆ ಹೇಳಿದೆ. ‘ಅಪ್ಪನ ಫೋನ್ ಅಲ್ಲಮ್ಮ ಇದು. ಲಿಫ್ಟಲ್ಲಿ ಸಿಕ್ಕಾಕೊಂಡೋರು ಯಾರೂ ನಿನಗೆ ಫೋನ್ ಮಾಡಲ್ಲ’ ಎಂದು ನಕ್ಕಳು.

ಆ ರಾತ್ರಿ ಫೋನು ಹೇಳಿದ ಹೊತ್ತಿಗೆ ಬೂದುಬಣ್ಣಕ್ಕೆ ತಿರುಗಿತು. ಪರದೆಯ ಮೇಲೆ ನೀವೂ ಮಗಳೂ ನಿಂತಿರುವ ಫೋಟೋ ಇದೆಯಲ್ಲ, ಅವಳ ಪದವಿಯ ದಿನದ್ದು, ಅದೂ ಬಣ್ಣ ಬಿಟ್ಟಿತು. ಅದರಲ್ಲಿ ಸತ್ತವರು ಯಾರು, ಇದ್ದವರು ಯಾರು ಎಂದು ಗುರುತು ಸಿಗದಂತಾಯಿತು. ಫೋನನ್ನು ಬೋರಲು ಹಾಕಿ ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಕಿಟಕಿಯಲ್ಲಿ ಬಿಸಿಲು! ಎಷ್ಟು ಗಾಢ ನಿದ್ದೆ ಅಂದರೆ, ಮಗ್ಗುಲು ಕೂಡ ಬದಲಿಸಿರಲಿಲ್ಲ. ಮಗಳು ನಿಶ್ಚಿಂತೆಯಿಂದ ಊರಿಗೆ ಹೋದಳು, ನಾನು ಕೆಲಸಕ್ಕೆ ಹೋದೆ. ತೋಳುಗಳು ಎಡಬಲ ಸರಿಯಾಗಿ ಬಂದವು.

ರೆಕಾರ್ಡಿಂಗ್ ಕೇಳಿದ್ದು ಆಮೇಲೆ, ಒಂದು ಬೆಳಗ್ಗೆ ಹಲ್ಲುಜ್ಜುವಾಗ, ಸುಮ್ಮನೆ ತಮಾಷೆಗೆ. ಗೊರಕೆ ಇರಬಹುದು ಅಂದುಕೊಂಡಿದ್ದೆ. ಇದ್ದದ್ದು ನನ್ನ ಮಾತು. ‘ಗ್ಯಾಸ್ ಆಫ್ ಮಾಡಿದ್ದೀನಿ ಅಂದೆನಲ್ಲ’ ಅನ್ನುತ್ತೇನೆ. ಸುಮ್ಮನಾಗುತ್ತೇನೆ. ‘ಹೂಂ, ಚಿಲಕಾನೂ ಹಾಕಿದ್ದೀನಿ’ ಅನ್ನುತ್ತೇನೆ. ಮತ್ತೆ ಸುಮ್ಮನಾಗಿ, ನಗುತ್ತೇನೆ. ಆ ನಡುವಿನ ಮೌನ ಇದೆಯಲ್ಲ, ಅದು ಸರಿಯಾಗಿ ಒಬ್ಬರು ಒಂದು ಮಾತು ಆಡಿ ಮುಗಿಸುವಷ್ಟೇ ಉದ್ದ. ಬದುಕಿದ್ದಾಗ ನನ್ನ ಒಂದು ಮಾತನ್ನೂ ಪೂರ್ತಿ ಮಾಡಲು ಬಿಡದವರು, ಸತ್ತ ಮೇಲೆ ಸಭ್ಯತೆ ಕಲಿತಿರಾ ಎಂದು ನಗು ಬಂತು. ನಿಜ ಹೇಳುತ್ತೇನೆ, ಸಂತೋಷವಾಯಿತು. ನೊರೆ ಬಾಯಲ್ಲೇ ಅದನ್ನು ಮತ್ತೆ ಮತ್ತೆ ಹಾಕಿ ಕೇಳಿ ಅತ್ತೆ.

ಆದರೆ ಹಗಲಿನ ನನಗೆ ನೀವು ಇಲ್ಲವೆಂದು ಗೊತ್ತು. ರಾತ್ರಿ ನಿದ್ದೆಯಲ್ಲಿ ಮಾತಾಡುವ ಅವಳಿಗೆ ಗೊತ್ತಿಲ್ಲ. ಅವಳ ದನಿಯಲ್ಲಿ ಚೂರೂ ದುಃಖವಿರಲಿಲ್ಲ. ಕೆಲಸಕ್ಕೆ ಹೋದ ಗಂಡ ಇನ್ನೂ ಬಂದಿಲ್ಲವಲ್ಲ ಎನ್ನುವ ಬೇಸರ, ಅಷ್ಟೇ. ಆಮೇಲಾಮೇಲೆ ಮಾತು ಬೇರೆಯಾಯಿತು. ‘ಎಲ್ಲಿದ್ದೀರಿ?’ ಎಂದು ಕೇಳಿದ್ದಾಳೆ. ಮೌನ. ‘ಮಧ್ಯದಲ್ಲಿ ನಿಂತುಬಿಡ್ತಾ? ಯಾವ ಮಹಡಿ?’ ಮೌನ. ‘ಕೂಗಿದ್ರೂ ಯಾರೂ ಬಂದಿಲ್ವಾ? ಅಯ್ಯೋ, ಚಳಿ ಬೇರೆನಾ?’ ಕಳೆದ ಸೋಮವಾರ ಬೆಳಗಿನ ರೆಕಾರ್ಡಿಂಗ್ ಅಂತೂ ಇಷ್ಟೇ: ‘ಸರಿ. ಭಾನುವಾರ ರಜಾ ಇದೆ. ನಾನೇ ಬರ್ತೀನಿ. ಕೀ ಎಲ್ಲಿಟ್ಟಿದ್ದೀರಿ?’

ದಿಂಬಿನಡಿ ಕೈ ಹಾಕಿದರೆ ನಿಮ್ಮ ಲಿಫ್ಟಿನ ಕೀಲಿ ಸಿಕ್ಕಿತು. ಅದೇ, ಮೂರು ಮೂಲೆಯ ಉದ್ದನೆಯದು, ಹೊರಗಿನಿಂದ ಯಾವ ಮಹಡಿಯ ಬಾಗಿಲನ್ನಾದರೂ ತೆರೆಯುವಂಥದ್ದು. ಅದುವರೆಗೆ ಅದು ನಿಮ್ಮ ಚೀಲದ ತಳದಲ್ಲಿತ್ತು. ಆ ಚೀಲವನ್ನು ಅಟ್ಟದ ಮೇಲಿಟ್ಟು ನಾನು ಮುಟ್ಟಿಯೇ ಇರಲಿಲ್ಲ. ಅದನ್ನು ಹಿಡಿದಾಗೆಲ್ಲ ನೀವು ಹೇಳುತ್ತಿದ್ದಿರಿ, ‘ಬಾಗಿಲು ತೆರೀತು ಅಂತ ಕಾಲಿಡಬಾರದು. ಒಳಗೆ ಲಿಫ್ಟ್ ಇದೆಯೋ ಬರೀ ಗುಂಡಿ ಇದೆಯೋ ನೋಡ್ಬೇಕು. ನೋಡದೆ ಕಾಲಿಟ್ಟೋರು ಎರಡನೇ ಸಲ ನೋಡಿಲ್ಲ.’ ನಾವಿರುವುದು ಏಳನೇ ಮಹಡಿ. ಕಣ್ಣು ಮುಚ್ಚಿಕೊಂಡು ಓಡಾಡುವವಳು ಏನನ್ನು ನೋಡಿಯಾಳು?

ಸಂಜೆ ಕೀಲಿಯನ್ನು ಕೆಳಗೆ ವಾಚ್‌ಮನ್ ಕೈಗೆ ಕೊಟ್ಟು, ಬೀಗ ಹಾಕಿ ಇಟ್ಟುಕೊಳ್ಳಿ ಎಂದೆ. ಮರುದಿನ ಕೆಲಸಕ್ಕೆ ಹೊರಟಾಗ ಅವರು, ‘ಏನಾಯ್ತಮ್ಮ, ಸಿಕ್ಕಾಕೊಂಡಿದ್ದೋರು ಹೊರಗೆ ಬಂದ್ರಾ?’ ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ‘ರಾತ್ರಿ ನೀವೇ ಬಂದು ಕೀ ಇಸ್ಕೊಂಡು ಹೋದ್ರಲ್ಲ? ಒಳಗೆ ಒಬ್ಬರಿದ್ದಾರೆ, ಕೊಡಿ ಅಂದ್ರಿ. ನಗ್ತಾನೇ ಮಾತಾಡಿದ್ರಿ. ಮೆಟ್ಟಿಲಲ್ಲೇ ಬಂದು ಮೆಟ್ಟಿಲಲ್ಲೇ ಹೋದ್ರಿ.’ ಏಳು ಮಹಡಿ ಮೆಟ್ಟಿಲು ಹತ್ತಿಳಿದರೆ ನನ್ನ ಮಂಡಿ ವಾರಗಟ್ಟಲೆ ಮಾತಾಡುತ್ತದೆ. ಅವತ್ತು ಮಂಡಿಗೆ ಏನೂ ಆಗಿರಲಿಲ್ಲ. ಕೀಲಿ ಮತ್ತೆ ದಿಂಬಿನಡಿಯೇ ಇತ್ತು.

ಅದನ್ನು ಎಸೆಯಬಹುದಿತ್ತಲ್ಲ ಎಂದು ಕೇಳುತ್ತೀರಿ. ಎಸೆಯಲೆಂದೇ ಹೋಗಿದ್ದೆ, ಕಾರ್ಖಾನೆಯ ಹಿಂದಿನ ಕಸದ ಗಾಡಿಯ ತನಕ. ಕೈ ಬರಲಿಲ್ಲ. ಒಂದು ವೇಳೆ ನೀವು ನಿಜವಾಗಿಯೂ ಎಲ್ಲೋ ಎರಡು ಮಹಡಿಗಳ ನಡುವೆ ನಿಂತಿದ್ದರೆ? ಊರಿಗೆಲ್ಲ ಬಾಗಿಲು ತೆಗೆದವರನ್ನು ಕತ್ತಲಲ್ಲಿ ಬಿಟ್ಟು, ಇದ್ದ ಒಂದು ಕೀಲಿಯನ್ನೂ ಕಸಕ್ಕೆ ಹಾಕುವುದೇ? ಮಗಳಿಗೆ ಹೇಳಿದರೆ ಅವಳು ಆ ಮೋಡನ್ನು ತೆಗೆದು, ಮಾತ್ರೆ ಕೊಡಿಸಿ, ನನ್ನನ್ನು ತನ್ನ ಮನೆಗೆ ಹೊತ್ತೊಯ್ಯುತ್ತಾಳೆ. ಆಗ ನಿಮ್ಮ ಕೂಗನ್ನು ಕೇಳಿಸಿಕೊಳ್ಳುವವರು ಯಾರು?

ಹಾಗಂತ ಸಾಯಲು ನನಗೆ ಇಷ್ಟವಿಲ್ಲ. ಇದನ್ನು ಮುಲಾಜಿಲ್ಲದೆ ಹೇಳುತ್ತೇನೆ. ನನಗೆ ಇನ್ನೂ ಕೆಲಸವಿದೆ, ನೋಡಬೇಕಾದ ಮಗಳಿದ್ದಾಳೆ. ಬೆಳಗಿನ ಕಾಫಿ ಈಗ ಮತ್ತೆ ರುಚಿಸುತ್ತಿದೆ. ನಿಮ್ಮ ಮೇಲೆ ಪ್ರಾಣ ಇಟ್ಟುಕೊಂಡವಳು ನಾನು, ಆದರೆ ಪ್ರಾಣ ಕೊಡುವವಳಲ್ಲ.

ಯೋಚಿಸಿ ಯೋಚಿಸಿ ಒಂದೇ ದಾರಿ ಹೊಳೆಯಿತು. ನಿಮಗಲ್ಲ, ಮೊದಲು ಆ ನಿದ್ದೆಯವಳಿಗೆ ಹೇಳಬೇಕು. ನೀವು ಹೋದ ದಿನ ಎಲ್ಲರೂ ಹಗಲಿನ ನನಗೆ ಸಮಾಧಾನ ಹೇಳಿದರು. ನಿಮ್ಮ ಪಕ್ಕದಲ್ಲಿ ಮಲಗಿದ್ದವಳಿಗೆ ಯಾರೂ ಏನೂ ಹೇಳಿಲ್ಲ. ಆದ್ದರಿಂದ ಇವತ್ತು ಈ ಕಾಗದವನ್ನು ಫೋನು ಬೂದುಬಣ್ಣಕ್ಕೆ ತಿರುಗುವ ತನಕ ಗಟ್ಟಿಯಾಗಿ ಓದುತ್ತೇನೆ, ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸುವ ಹಾಗೆ. ಕೇಳಿಸಿಕೊಳ್ಳೇ, ಅವರು ತೀರಿಕೊಂಡರು. ಕೇಳಿಸಿಕೊಳ್ಳೇ, ಅವರು ತೀರಿಕೊಂಡರು. ಅವಳು ಕೇಳಿಸಿಕೊಂಡರೆ ಬದುಕಿದೆ, ಇಲ್ಲದಿದ್ದರೆ ಈ ಕಾಗದ ಇಲ್ಲಿಗೇ ನಿಲ್ಲುತ್ತದೆ.

ಭಾನುವಾರ, ಬೆಳಗ್ಗೆ

ರೀ, ನಾನು ಇದ್ದೇನೆ.

ಹಾಸಿಗೆಯಲ್ಲೇ ಎದ್ದೆ. ಬದುಕಿದೆಯಾ ಬಡಜೀವವೇ ಎಂದುಕೊಂಡು ಕಾಲು ಕೆಳಗಿಟ್ಟರೆ ಒಂದೇ ಚಪ್ಪಲಿ ಇತ್ತು. ದಿಂಬಿನಡಿ ಕೀಲಿ ಇರಲಿಲ್ಲ. ಫೋನು ಹಾಸಿಗೆಯ ಪಕ್ಕದಲ್ಲಿರಲಿಲ್ಲ, ನನ್ನ ನೈಟಿಯ ಜೇಬಿನಲ್ಲಿತ್ತು. ಅಷ್ಟರಲ್ಲಿ ವಾಚ್‌ಮನ್ ಬಾಗಿಲು ಬಡಿದರು. ಬೆಳಗಿನಿಂದ ಲಿಫ್ಟು ಮೇಲೂ ಬರುತ್ತಿಲ್ಲ, ಕೆಳಗೂ ಹೋಗುತ್ತಿಲ್ಲ ಎಂದು ಹುಡುಕಿಕೊಂಡು ಬಂದರೆ, ನಮ್ಮ ಮಹಡಿಯ ಲಿಫ್ಟ್ ಬಾಗಿಲು ಒಂದು ಗೇಣು ತೆರೆದಿದೆಯಂತೆ. ಕೀಲಿ ಅದರಲ್ಲೇ ನೇತಾಡುತ್ತಿದೆ. ಕೈಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಬಾಗಿಲು ಅದು. ಮುಚ್ಚದಂತೆ ಸಂದಿಯಲ್ಲಿ ನನ್ನ ಇನ್ನೊಂದು ಚಪ್ಪಲಿ ಸಿಕ್ಕಿಕೊಂಡಿತ್ತು, ಅರ್ಧ ಈಚೆ, ಅರ್ಧ ಗುಂಡಿಯ ಕಡೆ. ಅವರು ಅದನ್ನು ಎಳೆದು ನನ್ನ ಕೈಗೆ ಕೊಟ್ಟು ಹೋದರು.

ಆಮೇಲೆ ಅಡುಗೆಮನೆಯ ನೆಲದ ಮೇಲೆ ಕೂತು ರೆಕಾರ್ಡಿಂಗ್ ಹಾಕಿದೆ. ಚಪ್ಪಲಿಯ ಸದ್ದು. ಕೀಲಿ ತಿರುಗುವ ಸದ್ದು. ಬಾಗಿಲು ಸರಿಯುತ್ತದೆ, ಕೆಳಗಿನಿಂದ ಗಾಳಿ ಏಳುವುದು ಕೇಳುತ್ತದೆ. ನನ್ನ ಉಸಿರು ಬಿಟ್ಟರೆ ಬಹಳ ಹೊತ್ತು ಏನೂ ಇಲ್ಲ. ಕೊನೆಗೆ ಅವಳು, ಮೆಲ್ಲಗೆ, ಯಾರದೋ ಮನೆಯ ಸುದ್ದಿ ತಂದವಳ ಹಾಗೆ, ‘ರೀ, ನೀವು ತೀರ್ಕೊಂಡ್ರಂತೆ’ ಅನ್ನುತ್ತಾಳೆ.

ಮೌನ. ಇಷ್ಟು ದಿನ ಕೇಳಿದ ಯಾವ ಮೌನವೂ ಅಷ್ಟು ಉದ್ದವಿರಲಿಲ್ಲ.

‘ಅಳ್ಬೇಡಿ’ ಅನ್ನುತ್ತಾಳೆ. ‘ನಂಗೂ ಈಗಷ್ಟೇ ಗೊತ್ತಾಗಿದ್ದು.’

ನಿಮಗೂ ಯಾರೂ ಹೇಳಿರಲಿಲ್ಲವೇ ರೀ? ಏನೂ ಗೊತ್ತಾಗಿರಲ್ಲ ಎಂದು ಡಾಕ್ಟರು ಅಂದಾಗ ನಾವೆಲ್ಲ ಸಮಾಧಾನ ಮಾಡಿಕೊಂಡೆವು. ನೀವು ಮಾತ್ರ ಗೊತ್ತಾಗದೆಯೇ, ಲಿಫ್ಟು ಕೆಟ್ಟಿದೆ, ಯಾರಾದರೂ ಬಂದಾರು ಎಂದು ಇಷ್ಟು ತಿಂಗಳು ಕಾಯುತ್ತಾ ನಿಂತಿದ್ದಿರಲ್ಲ.

ರೆಕಾರ್ಡಿಂಗ್‌ನಲ್ಲಿ ಅವಳು ಮೂಗು ಒರೆಸಿಕೊಳ್ಳುತ್ತಾಳೆ. ‘ಕೈ ಚಾಚಿ ನೋಡಿ. ಗೋಡೆ ಇದೆಯಾ?’ ಎಂದು ಕೇಳುತ್ತಾಳೆ. ಮೌನ. ‘ಈ ಕಡೆ?’ ಮೌನ. ‘ಇಲ್ವಲ್ಲ ಮತ್ತೆ. ಹೋಗಿ.’ ಅಷ್ಟೇ. ಆಮೇಲೆ ಒಂಟಿ ಚಪ್ಪಲಿ ಮನೆಯ ಕಡೆ ನಡೆದು ಬರುವ ಸದ್ದು.

ನೀವು ಹೊರಗೆ ಹೊರಟಾಗ ನಾನು ಯಾವತ್ತೂ ಬರೀ ‘ಹೋಗಿ’ ಅಂದವಳಲ್ಲ. ಜಗಳವಾಡಿದ ದಿನವೂ ‘ಹೋಗಿ ಬನ್ನಿ’ ಅಂತಲೇ ಅನ್ನುತ್ತಿದ್ದೆ. ಅವಳು ನನಗಿಂತ ಗಟ್ಟಿಗಿತ್ತಿ, ಒಂದೇ ಮಾತಿನಲ್ಲಿ ಮುಗಿಸಿದ್ದಾಳೆ. ಎಚ್ಚರದಲ್ಲಿ ನನಗೆ ಅದನ್ನು ಹೇಳಲು ಇಡೀ ಬೆಳಗು ಬೇಕಾಯಿತು. ಈಗ ಹೇಳುತ್ತೇನೆ.

ದಾರಿಯಲ್ಲಿ ನಿಮಗೆ ಬೆಳಕಿರಲಿ, ಕಾಲಡಿಗೆ ಗಟ್ಟಿ ನೆಲವಿರಲಿ. ಹೋಗಿ.

ಇಂತಿ,
ಇಲ್ಲೇ ಉಳಿದಿರುವ
ನಿಮ್ಮವಳು