ಒಲೆ ಲೆಕ್ಕ

ಮಾರ್ಚ್ 12, ಭಾನುವಾರ ಮಧ್ಯಾಹ್ನ

ನನ್ನ ಮುದ್ದು ಪುಟ್ಟಿಗೆ,

ಅಮ್ಮನ ನೂರು ಮುತ್ತು. ಅದರಲ್ಲಿ ಎಪ್ಪತ್ತು ಮೊಮ್ಮಗಳಿಗೆ, ಉಳಿದದ್ದು ನಿನಗೆ. ತಕರಾರು ಮಾಡಬೇಡ. ನಿನ್ನ ಕಾಗದ ಬಂದು ಆರು ವಾರವಾಯಿತು. ಬೈದುಕೊಂಡಿರುತ್ತೀಯ, ಬೈಯಲೇಬೇಕು. ಫೋನಿನಲ್ಲಿ ಕೇಳಿದಾಗಲೆಲ್ಲ "ಬರೀತೀನಿ ಕಣೇ, ಬರೀತೀನಿ" ಎಂದು ಜಾರಿಕೊಂಡೆ. ಫೋನು ಕಿವಿಗಿಟ್ಟರೆ ನನ್ನ ಬಾಯಲ್ಲಿ "ಎಲ್ಲ ಚೆನ್ನಾಗಿದೆ" ಎನ್ನುವುದೊಂದು ಬಿಟ್ಟು ಬೇರೇನೂ ಬರುವುದಿಲ್ಲ ಎಂದು ನಿನಗೆ ಗೊತ್ತೇ ಇದೆ. ಇವತ್ತು ಬೆಳಿಗ್ಗೆಯಿಂದ ಮಂಡಿನೋವು ಎಂದು ಕಾಲು ನೀಡಿಕೊಂಡು ಕೂತಿದ್ದೇನೆ. ಕೈಗೇನೂ ನೋವಿಲ್ಲವಲ್ಲ, ನೆಪ ಹೇಳಲು ಬರುವುದಿಲ್ಲ.

ನೀನು ಕೇಳಿರುವುದು ಒಂದೇ ಮಾತು. ರಾಜಧಾನಿಯ ದೊಡ್ಡಾಸ್ಪತ್ರೆಗೆ ವರ್ಗವಾಗಿದೆ, ಮುಂದಿನ ತಿಂಗಳು ಒಂದನೇ ತಾರೀಖು ನರ್ಸ್ ಕೆಲಸಕ್ಕೆ ಅಲ್ಲಿ ಸೇರಬೇಕು, ಮಗುವನ್ನು ಕರೆದುಕೊಂಡು ಬಂದು ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಇರಬಹುದೇ ಎಂದು. ಅಳಿಯಂದಿರು ಒಂದು ವರ್ಷ ಬಿಟ್ಟು ಬರುತ್ತಾರೆಂದೂ ಬರೆದಿದ್ದೀಯ. "ಕೇಳೋದೇನಿದೆ ಅಮ್ಮಾ, ಆದ್ರೂ ಕೇಳ್ತಿದೀನಿ" ಎಂದಿದ್ದೀಯ. ನಿಜ, ಹುಟ್ಟಿದ ಮನೆಗೆ ಬರಲು ಅಪ್ಪಣೆ ಬೇಕೇ? ಆದರೂ ಉತ್ತರ ಬರೆಯಲು ಕೂತಾಗಲೆಲ್ಲ ಪೆನ್ನು ಮುಂದೆ ಹೋಗುತ್ತಿರಲಿಲ್ಲ. ಆ ಮಾತಿಗೆ ಬರುತ್ತೇನೆ. ಮೊದಲು ಊರಿನ ಸುದ್ದಿ ಹೇಳಿ ಮುಗಿಸುತ್ತೇನೆ.

ನೀನು ಬಂದು ಹೋಗಿ ಎರಡು ವರ್ಷವಾಯಿತು. ಈಗ ರೈಲಿಳಿದರೆ ಮನೆಗೆ ದಾರಿ ಕೇಳಬೇಕಾಗುತ್ತದೆ. ಕೇಳಿದರೆ ಹೇಳುವವರೂ ಹೊಸಬರೇ. ಬೆಳಿಗ್ಗೆ ಆರೂವರೆಯ ರೈಲು ಹತ್ತಿ ಅರ್ಧ ಊರು ರಾಜಧಾನಿಗೆ ಹೋಗುತ್ತದೆ, ಸಂಜೆ ಏಳಕ್ಕೆ ಸೋತು ಸುಣ್ಣವಾಗಿ ವಾಪಸು ಬರುತ್ತದೆ. ನಡುವೆ ಊರಿನಲ್ಲಿ ಉಳಿಯುವವರು ಮುದುಕರು, ಕೂಸುಗಳು, ಗಾರೆ ಕೆಲಸದವರು, ಮತ್ತೆ ಪುರಸಭೆಯ ನಾವು. ಇಟ್ಟಿಗೆ ಗೂಡು ಇದ್ದ ಕಡೆ ಹನ್ನೆರಡು ಅಂತಸ್ತಿನ ನಾಲ್ಕು ಕಟ್ಟಡ ಎದ್ದಿವೆ. ನೀರು ಆರನೇ ಅಂತಸ್ತಿಗೇ ಸುಸ್ತಾಗಿ ನಿಲ್ಲುತ್ತದಂತೆ. ಮೇಲಿನವರು ಬಂದು ನಮ್ಮ ಕಿಟಕಿಯ ಮುಂದೆ ಕೂಗಾಡುತ್ತಾರೆ. ನೀನು ಓದಿದ ಶಾಲೆ ಎರಡು ಪಾಳಿಯಲ್ಲಿ ನಡೆಯುತ್ತಿದೆ. ಬೆಳಗಿನ ಮಕ್ಕಳು ಗೇಟಿನಿಂದ ಹೊರಗೆ ಬರುವಾಗ ಮಧ್ಯಾಹ್ನದ ಮಕ್ಕಳು ಒಳಗೆ ನುಗ್ಗುತ್ತಾರೆ, ದಿನಾ ಯಾರದ್ದಾದರೂ ಚಪ್ಪಲಿ ಅಲ್ಲೇ ಉಳಿಯುತ್ತದೆ. ಒಂಬತ್ತು ವಾರ್ಡು ಇದ್ದದ್ದು ಮೂವತ್ತೊಂದಾಗಿದೆ. ನಾನು ಕೆಲಸಕ್ಕೆ ಸೇರಿದಾಗ ಇಡೀ ಊರಿನ ಕಡತ ಒಂದು ಬೀರುವಿನಲ್ಲಿತ್ತು. ಈಗ ಕಡತಗಳಿಗೆ ಕುರ್ಚಿ ಬಿಟ್ಟುಕೊಟ್ಟು ನಾವು ಬೆಂಚಿನ ಮೇಲೆ ಕೂರುತ್ತೇವೆ.

ನಮ್ಮ ಮುಖ್ಯಾಧಿಕಾರಿಗೆ ಈ ನಡುವೆ ಊರಿನ ಪರಿಚಯ ಪುಸ್ತಕ ಅಚ್ಚು ಹಾಕಿಸುವ ಹುಚ್ಚು ಹಿಡಿದಿದೆ. ನನ್ನನ್ನು ಕರೆಸಿ, "ಮೇಡಂ, ಇಪ್ಪತ್ತೆಂಟು ವರ್ಷದಿಂದ ಇಲ್ಲೇ ಇದೀರಿ. ನಿಮ್ಮಷ್ಟು ಊರು ಬಲ್ಲೋರು ಯಾರಿದಾರೆ? ಒಂದೂವರೆ ಪುಟ ಬರ್ಕೊಡಿ. ಸ್ವಲ್ಪ ಉತ್ಸಾಹ ಇರ್ಲಿ" ಎಂದರು.

"ಉತ್ಸಾಹ ಎಲ್ಲಿಂದ ತರ್ಲಿ ಸಾರ್?" ಎಂದೆ.

"ಅಂಕಿಸಂಖ್ಯೆ ಹಾಕಿ, ತಾನಾಗೇ ಬರುತ್ತೆ!"

ಅಂಕಿಸಂಖ್ಯೆಯೇ ಈಗ ನಮ್ಮ ತಲೆನೋವು. ಐವತ್ತು ಸಾವಿರ ಮನೆ ದಾಟಿದರೆ ನಮ್ಮ ಪುರಸಭೆ ನಗರಸಭೆಯಾಗುತ್ತದೆ. ಅದಕ್ಕೆ ಜನವರಿಯಿಂದ ಮನೆ ಎಣಿಕೆ. ಎಣಿಸುವ ನಲವತ್ತು ಜನಕ್ಕೆ ಪಾಠ ಹೇಳುವ ಭಾಗ್ಯ ನನಗೆ ಬಂತು. ಗೋಡೆ, ಬಾಗಿಲು, ಛಾವಣಿ ನೋಡಿ ಮನೆ ಎಣಿಸುವುದಲ್ಲ ಪುಟ್ಟಿ, ಒಲೆ ನೋಡಿ ಎಣಿಸುವುದು. ಒಂದು ಒಲೆಯಲ್ಲಿ ಬೇಯಿಸಿದ್ದನ್ನು ಯಾರೆಲ್ಲ ಉಣ್ಣುತ್ತಾರೋ ಅವರೆಲ್ಲ ಒಂದು ಕುಟುಂಬ. ಒಲೆ ಎರಡಾದರೆ ಕುಟುಂಬವೂ ಎರಡು, ಮನೆ ನಂಬರೂ ಎರಡು. "ಯಾರು ಯಾರಿಗೆ ಏನಾಗಬೇಕು ಅಂತ ಕೇಳ್ತಾ ನಿಲ್ಲಬೇಡಿ. ಜನ ಸುಳ್ಳು ಹೇಳ್ತಾರೆ, ಒಲೆ ಹೇಳಲ್ಲ. ಅಡುಗೆಮನೆಗೆ ಹೋಗಿ ಕಣ್ಣಾರೆ ನೋಡಿ" ಎಂದು ನಾನೇ ಕಪ್ಪುಹಲಗೆಯ ಮುಂದೆ ನಿಂತು ಹೇಳಿದೆ. ಎಲ್ಲರೂ ಬರೆದುಕೊಂಡರು. ನನಗೂ ಸ್ವಲ್ಪ ಜಂಬ ಬಂತು ಅನ್ನು.

ಎಷ್ಟು ತಮಾಷೆ ನಡೆಯಿತು ಗೊತ್ತೇ? ಸ್ಟೇಷನ್ ಹಿಂದಿನ ಒಂದು ಕೋಣೆಯಲ್ಲಿ ಎಲ್ಲೆಲ್ಲಿಂದಲೋ ಬಂದ ನಾಲ್ವರು ಬಣ್ಣ ಬಳಿಯುವವರಿದ್ದಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಧಂಬರ್ಧ. ಒಂದೇ ಒಲೆ. "ನಿಮ್ಮದು ಒಂದು ಕುಟುಂಬ" ಎಂದದ್ದಕ್ಕೆ ಅವರಲ್ಲಿ ದೊಡ್ಡವನು ಮಿಕ್ಕವರ ಕಡೆ ತಿರುಗಿ, "ಕೇಳಿದ್ರೇನ್ರೋ, ಇನ್ಮೇಲೆ ನನ್ನ ಮಾತು ಕೇಳ್ಬೇಕು" ಎಂದನಂತೆ. ಹಳೇ ಪೇಟೆಯಲ್ಲಿ ಅಣ್ಣ ತಮ್ಮ ಮುಖ ನೋಡಿ ಹನ್ನೊಂದು ವರ್ಷವಾಗಿದೆ. ಆದರೆ ಅಮ್ಮ ಒಬ್ಬಳೇ, ಅವಳ ಒಲೆಯೂ ಒಂದೇ. ಒಬ್ಬ ಎದ್ದ ಮೇಲೆ ಇನ್ನೊಬ್ಬ ಬಂದು ಉಣ್ಣುತ್ತಾನೆ. ಅವರದೂ ಒಂದೇ ಕುಟುಂಬ ಎಂದು ಬರೆದೆವು. ಆ ತಾಯಿ ಹಾಳೆಗೆ ಹೆಬ್ಬೆಟ್ಟು ಒತ್ತಿ, "ಹಂಗೇ ಬರೀರವ್ವಾ, ನಾನಿರೋತನಕ ಹಂಗೇ ಬರೀರಿ" ಎಂದಳು. ನನಗೆ ಕಣ್ಣು ಒದ್ದೆಯಾಯಿತು.

ಎಲ್ಲ ಕೂಡಿಸಿದರೆ ನಲವತ್ತೊಂಬತ್ತು ಸಾವಿರದ ಆರುನೂರ ಹನ್ನೆರಡು. ಮುಖ್ಯಾಧಿಕಾರಿಯ ಮುಖ ಇಷ್ಟಗಲ ಇದ್ದದ್ದು ಇಷ್ಟೇ ಇಷ್ಟಾಯಿತು. "ಎಲ್ಲೋ ಒಲೆ ಬಿಟ್ಟುಹೋಗಿವೆ, ಇನ್ನೊಂದ್ ಸಲ ಹುಡುಕಿ" ಎಂದು ಮರುಎಣಿಕೆಗೆ ಆಜ್ಞೆ ಮಾಡಿದರು. ನಮ್ಮ ವಾರ್ಡಿಗೆ ನಿನ್ನ ಲೆಕ್ಕದ ಟೀಚರನ್ನೇ ಹಾಕಿದರು. ನಿವೃತ್ತಿಯಾದರೂ ಕೂರುವ ಜೀವವಲ್ಲ. ನಿನಗೆ ಮೂವತ್ತೈದಕ್ಕೆ ಮೂವತ್ತನಾಲ್ಕೂವರೆ ಕೊಟ್ಟು ಅರ್ಧ ಅಂಕ ಬಿಡದಿದ್ದ ಅದೇ ಮಹಾತಾಯಿ. ಈಗಲೂ ಹಾಗೇ. ಮಹಡಿ, ಮೆಟ್ಟಿಲ ಕೆಳಗಿನ ಗೂಡು, ಕಾರು ನಿಲ್ಲಿಸುವ ಜಾಗ, ಎಲ್ಲಿ ಹೊಗೆ ಕಂಡರೂ ಹೋಗಿ ನಿಲ್ಲುತ್ತಾರೆ. ಹೋದ ವಾರ ಐವತ್ತು ಸಾವಿರ ದಾಟಿತು. ಆಫೀಸಿನಲ್ಲಿ ಎಲ್ಲರಿಗೂ ಸಿಹಿ ಹಂಚಿದರು. ನನಗೆ ತಿನ್ನಬೇಕೆನ್ನಿಸಲಿಲ್ಲ, ಪಕ್ಕದ ಮೇಜಿಗೆ ಕೊಟ್ಟೆ.

ನಮ್ಮ ಬೀದಿಯ ವಿಷಯ. ಅದು ಈಗ ಬೀದಿಯಲ್ಲ, ಅರವತ್ತು ಅಡಿ ರಸ್ತೆ. "ಮುಂದಿನ ಭಾಗ ಸ್ವಲ್ಪ ಹೋಯ್ತು" ಎಂದು ಫೋನಿನಲ್ಲಿ ಹೇಳಿದ್ದೆ. ಸ್ವಲ್ಪವಲ್ಲ. ಮುಂಗೋಣೆ ಪೂರ್ತಿ ಹೋಯಿತು. ಅಂದರೆ ನಿಮ್ಮಪ್ಪನ ಹೊಲಿಗೆ ಅಂಗಡಿ. ಈಗ ಬಾಗಿಲು ತೆಗೆದರೆ ನೇರ ನಡುಮನೆ, ಹೊಸ್ತಿಲಾಚೆ ಎರಡು ಹೆಜ್ಜೆಗೆ ಲಾರಿ. ನಿಮ್ಮಪ್ಪ ಮಷೀನು ಎತ್ತಿಕೊಂಡು ಮೇಲಿನ ಕೋಣೆಗೆ ಹೋಗಿದ್ದಾರೆ. ಅಲ್ಲಿ ಬೆಳಕು ಚೆನ್ನಾಗಿದೆ, ದೂಳೂ ಕಡಿಮೆ. ಹಳೆಯ ಗಿರಾಕಿಗಳು ಹೊರಗಿನ ಮೆಟ್ಟಿಲು ಹತ್ತಿ ಬರುತ್ತಾರೆ. ಆರೋಗ್ಯವಾಗಿದ್ದಾರೆ. ಹಾಗಾಗಿ ನಿನಗೆ ಆ ಕೋಣೆ ಆಗಲಿಕ್ಕಿಲ್ಲ. ನೀನೂ ಮಗುವೂ ಕೆಳಗೆ ನನ್ನ ಜೊತೆ ಇರಬಹುದು. ಇಕ್ಕಟ್ಟಾಗುತ್ತದೆ ಅಷ್ಟೆ. ಲಾರಿ ಸದ್ದಿಗೆ ಮಗು ಮೊದಲ ಎರಡು ದಿನ ಬೆಚ್ಚಿಬೀಳಬಹುದು, ಆಮೇಲೆ ನನ್ನ ಹಾಗೆ ಒಗ್ಗಿಹೋಗುತ್ತದೆ.

ಬಾ ಪುಟ್ಟಿ. ಬೇರೆಲ್ಲೂ ಬಾಡಿಗೆ ಮನೆ ನೋಡಬೇಡ. ಬೆಚ್ಚನೆಯ ಬಟ್ಟೆ ತಾ, ಸಂಜೆ ಮೈದಾನದ ಕಡೆಯಿಂದ ಬೀಸುವ ತಣ್ಣನೆ ಗಾಳಿ ಹಾಗೇ ಇದೆ. ಅಳಿಯಂದಿರಿಗೆ ನನ್ನ ನೆನಪು ಹೇಳು. ಮಗುವಿಗೆ ಯಾವ ಕಾಯಿಲೆಯೂ ತಾಗದಿರಲಿ, ನಿನ್ನ ಕೈಗುಣ ರಾಜಧಾನಿಯ ರೋಗಿಗಳಿಗೂ ಒಲಿಯಲಿ. ನನ್ನ ಆಯಸ್ಸಿನಲ್ಲಿ ಒಂದಿಷ್ಟು ನಿಮ್ಮಿಬ್ಬರಿಗೂ ಸೇರಲಿ.

ನಿನ್ನ ಪ್ರೀತಿಯ,
ಅಮ್ಮ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿ ಮತ್ತೆ ತೆಗೆದೆ. ನೀನು ಬಂದು ಮೆಟ್ಟಿಲು ಹತ್ತಿದ ಕೂಡಲೇ ಎಲ್ಲ ತಿಳಿಯುತ್ತದೆ. ಅದಕ್ಕಿಂತ ನಾನೇ ಹೇಳುವುದು ಮೇಲು.

ಮೇಲೆ ಹೋದದ್ದು ಮಷೀನು ಮಾತ್ರ ಅಲ್ಲ. ರಸ್ತೆ ಅಗಲ ಮಾಡಲು ಒಡೆಯುವ ಮನೆಗಳ ಪಟ್ಟಿ ತಯಾರಾದಾಗ ಅದನ್ನು ನೀಟಾಗಿ ನಕಲು ಮಾಡಿದ್ದು ನಾನು. ತೊಂಬತ್ತೊಂದು ಮನೆ. ನಮ್ಮದು ನಲವತ್ತೇಳನೆಯದು. ಪ್ರಕಟವಾಗುವವರೆಗೆ ಯಾರಿಗೂ ಹೇಳಕೂಡದೆಂಬುದು ಆಫೀಸಿನ ನಿಯಮ. ನಾಲ್ಕು ತಿಂಗಳು ಬಾಯಿಬಿಡಲಿಲ್ಲ. ಒಬ್ಬರಿಗೆ ಹೇಳಿದರೆ ತೊಂಬತ್ತು ಮನೆಯವರಿಗೆ ಮೋಸ ಮಾಡಿದಂತೆ ಎಂದುಕೊಂಡೆ. ಅದು ನಿಯಮಕ್ಕೆ ಹೆದರಿದ್ದೋ, ನಿಮ್ಮಪ್ಪನ ಮುಖಕ್ಕೆ ಹೆದರಿದ್ದೋ, ಈಗ ಕೇಳಿದರೆ ನನಗೂ ತಿಳಿಯದು. ಅದೇ ನಾಲ್ಕು ತಿಂಗಳಲ್ಲಿ ಅವರು ಅಂಗಡಿಗೆ ಬಟ್ಟೆ ಕತ್ತರಿಸುವ ಹೊಸ ಮೇಜು ಮಾಡಿಸುತ್ತಿದ್ದರು. ಅಳತೆ ಹಿಡಿದು, ಮರ ಆರಿಸಿ, ಬಡಗಿಯ ಜೊತೆ ದಿನಾ ಗುದ್ದಾಡಿ. ಒಂದು ದಿನ ನನ್ನನ್ನೂ ಕರೆದು ತೋರಿಸಿದರು. "ಅಗಲ ಇನ್ನೊಂದು ಗೇಣು ಇದ್ರೆ ಚೆನ್ನಾಗಿತ್ತು ಅಲ್ವಾ?" ಎಂದರು. ನಾನು, "ಹೌದು ರೀ, ಮಾಡಿಸಿ" ಎಂದೆ.

ಆಗಸ್ಟಿನಲ್ಲಿ ಗೋಡೆಗೆ ಕೆಂಪು ಗೆರೆ ಎಳೆದು, ಪಟ್ಟಿಯನ್ನು ಬೀದಿಯ ಕಂಬಕ್ಕೆ ಅಂಟಿಸಿದರು. ಅವರು ಟೇಪು ತಂದು ಗೆರೆಯಿಂದ ಒಳಕ್ಕೆ ಎಷ್ಟೆಂದು ಅಳೆದರು. ಆಮೇಲೆ ಕಂಬದ ಹತ್ತಿರ ಹೋಗಿ ಕನ್ನಡಕ ಹಾಕಿಕೊಂಡು ಪಟ್ಟಿ ಓದಿ, ಒಳಗೆ ಬಂದು, "ನಿನ್ನ ಅಕ್ಷರ. ಯಾವಾಗ ಬರೆದೆ?" ಎಂದು ಕೇಳಿದರು. ಹೇಳಿದೆ. "ಹಾಗಾದ್ರೆ ಮೇಜು ಮಾಡಿಸೋವಾಗ ಗೊತ್ತಿತ್ತು" ಎಂದರು. ಅಷ್ಟೇ. ಕೂಗಾಡಲಿಲ್ಲ, ಒಂದು ಪಾತ್ರೆಯನ್ನೂ ಕುಕ್ಕಲಿಲ್ಲ. ಮೊದಲು ಮಷೀನು ಮೇಲೆ ಹೋಯಿತು, ಆಮೇಲೆ ಹಾಸಿಗೆ, ವಾರದ ಮೇಲೆ ಒಂದು ಸಣ್ಣ ಒಲೆ. ಏಳು ತಿಂಗಳಾಯಿತು ಪುಟ್ಟಿ. ಮೇಲಿಂದ ಈರುಳ್ಳಿ ಹುರಿಯುವ ವಾಸನೆ ಬಂದಾಗ ಅವರ ಅಡುಗೆ ಶುರುವಾಯಿತೆಂದು ತಿಳಿದು ನನ್ನದನ್ನು ಇಡುತ್ತೇನೆ. ಹೊತ್ತಾದರೂ ಒಂದೇ ಇರಲಿ ಎಂದು.

ಎಣಿಕೆಯಲ್ಲಿ ನಮ್ಮ ಮನೆಯ ಹಾಳೆಯನ್ನು ನಾನೇ ತುಂಬಿದ್ದೆ. ಒಲೆ ಒಂದು, ಜನ ಇಬ್ಬರು. ನಲವತ್ತು ಜನಕ್ಕೆ ಪಾಠ ಹೇಳಿದವಳು ಬರೆದದ್ದನ್ನು ಯಾರು ತಪಾಸಣೆ ಮಾಡುತ್ತಾರೆ? ನಿನ್ನ ಟೀಚರು ಮಾಡಿದರು. ಹಿಂದಿನ ಗುರುವಾರ ಹೊರಗಿನ ಮೆಟ್ಟಿಲು ಹತ್ತಿ ಹೋದರು. ನಾನು ಬಾಗಿಲಲ್ಲೇ ನಿಂತಿದ್ದೆ, ಮಾತೆಲ್ಲ ಕೇಳಿಸಿತು. "ಈ ಒಲೇಲಿ ಉಣ್ಣೋರು ಎಷ್ಟು ಜನ?" ಎಂದರು. ನಿಮ್ಮಪ್ಪ ಮಷೀನು ನಿಲ್ಲಿಸಲಿಲ್ಲ. ಗಂಟೆ ಎಷ್ಟಾಯಿತೆಂದು ಯಾರೋ ಕೇಳಿದಾಗ ಹೇಳುವಂತೆ, "ಒಬ್ಬ" ಎಂದರು.

ಟೀಚರು ಕೆಳಗೆ ಬಂದು ನನ್ನ ಮುಖ ನೋಡಲಾರದೆ ಹಾಳೆ ನೋಡುತ್ತಾ, "ಮೇಡಂ, ಏನಂತ ಬರೀಲಿ?" ಎಂದರು. ಅರ್ಧ ಅಂಕ ಬಿಡದ ಆ ಹೆಂಗಸು ಅವತ್ತು ನಾನು ಮೊದಲಿನಂತೆಯೇ ಇರಲಿ ಅಂದಿದ್ದರೆ ಬಿಟ್ಟುಬಿಡುತ್ತಿದ್ದರು. "ನಾನು ಹೇಳಿಕೊಟ್ಟಿದ್ದನ್ನೇ ಬರೀರಿ" ಎಂದೆ. ಅವರು ಬರೆದರು. ಕೆಳಗೆ ಒಲೆ ಒಂದು, ಒಬ್ಬಳು. ಮೇಲೆ ಒಲೆ ಒಂದು, ಒಬ್ಬ. ಮೆಟ್ಟಿಲ ಪಕ್ಕದ ಗೋಡೆಗೆ ಹೊಸ ನಂಬರು ಹಾಕಿ ಹೋದರು.

ಇನ್ನೊಂದು ಇದೆ. ನೀನು ಬರುವ ವಿಷಯವನ್ನು ಅವರಿಗೆ ಇನ್ನೂ ಹೇಳಿಲ್ಲ. ನಿನ್ನ ಕಾಗದ ಆರು ವಾರದಿಂದ ನನ್ನ ದಿಂಬಿನ ಕೆಳಗಿದೆ. ಹೇಳಿದರೆ "ಯಾವಾಗ ಬಂತು ಕಾಗದ?" ಎಂದು ಕೇಳುತ್ತಾರೆ, ನಾನು ತಾರೀಖು ಹೇಳಬೇಕು. ಮತ್ತೆ ಅದೇ ಕೆಲಸ ಮಾಡಿದ್ದೇನೆಂದು ಇದನ್ನು ಬರೆಯುವಾಗಲೇ ನನಗೆ ಹೊಳೆದದ್ದು. ಮೆಟ್ಟಿಲು ಇರುವುದು ಹದಿನಾಲ್ಕೇ. ಮಂಡಿನೋವು ಎಂದು ಹೇಳಿದೆನಲ್ಲ, ಅದು ಅಷ್ಟೇನೂ ಇಲ್ಲ.

ಅವರು ಫೋನು ಮುಟ್ಟುವವರಲ್ಲ. ನೀನೇ ಅವರಿಗೆ ಬೇರೆಯಾಗಿ ಒಂದು ಕಾಗದ ಬರೆ, ನಾಳೆಯೇ ಬರೆ. ವಿಳಾಸ ಮಾತ್ರ ಸರಿಯಾಗಿ ನೋಡಿ ಹಾಕು. 214 ಎಂದು ಬರೆದರೆ ಅಂಚೆಯವನು ನನ್ನ ಬಾಗಿಲಿಗೇ ಹಾಕಿ ಹೋಗುತ್ತಾನೆ. ಅಪ್ಪನ ಮನೆ ಈಗ 214/1.